ರಿಸೆಪ್ಷನ್‌ಗೆ ಡಿಸ್ಪೋಸಬಲ್ ಕ್ಯಾಮೆರಾ: ಮೇಜಿನ ಮೇಲೆ ಇಡಬೇಡಿ, ಕೈಗೆ ಕೊಡಿ

ಮೈಸೂರಿನ ಒಂದು ಛತ್ರದಲ್ಲಿ ನಮ್ಮ ಚಿಕ್ಕಪ್ಪನ ಮಗಳ ರಿಸೆಪ್ಷನ್. ತಂಗಿ ಆಸೆಪಟ್ಟು ಆರು ಡಿಸ್ಪೋಸಬಲ್ ಕ್ಯಾಮೆರಾ ತರಿಸಿದ್ದಳು. ಅದೇ, ರೀಲ್ ಒಳಗೇ ಇರುತ್ತೆ, ಮುಗಿದ ಮೇಲೆ ಇಡೀ ಡಬ್ಬಿಯನ್ನೇ ಲ್ಯಾಬಿಗೆ ಕೊಡುವಂಥದ್ದು. ಹೊರದೇಶದ ಮದುವೆಗಳ ಚಿತ್ರದಲ್ಲಿ ನೋಡಿದ ಹಾಗೇ ಊಟದ ಮೇಜುಗಳ ಮೇಲೆ ಒಂದೊಂದು ಇಟ್ಟೆವು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಎಲೆ ತೆಗೆಯುವ ಹುಡುಗ ನನ್ನ ಹತ್ತಿರ ಬಂದ. "ಅಕ್ಕಾ, ಇದು ನಿಮ್ದಾ ನೋಡಿ" ಅಂತ ಕೈ ಚಾಚಿದ. ಹಳದಿ ಡಬ್ಬಿಯ ಮೇಲೆಲ್ಲ ಸಾರು. ಫ್ಲ್ಯಾಶಿನ ಮೇಲೆ ಒಂದು ಅನ್ನದ ಅಗುಳು ಅಂಟಿತ್ತು. ಮೇಜಿನ ಪೇಪರ್ ಸುತ್ತುವಾಗ ಎಲೆಗಳ ಜೊತೆ ಅದೂ ಸುತ್ತಿಹೋಗಿತ್ತು. ಇನ್ನೊಂದು ಕ್ಯಾಮೆರಾ ಸಿಗಲೇ ಇಲ್ಲ.

ಉಳಿದ ಐದನ್ನು ಲ್ಯಾಬಿಗೆ ಕೊಟ್ಟು ರೀಲ್ ತೊಳೆಸಿದೆವು. ಒಂದರಲ್ಲಿ 27ರಂತೆ 135 ಫೋಟೊ ಬರಬೇಕಿತ್ತು. ಮುಖ ಗುರುತು ಸಿಗುವಂಥವು 52 ಇದ್ದವು. ಮಿಕ್ಕಿದ್ದರಲ್ಲಿ ಬರೀ ಕತ್ತಲೆ, ಇಲ್ಲವೇ ಯಾರೂ ಕ್ಲಿಕ್ ಮಾಡದೆ ಬಿಟ್ಟ ರೀಲು.

ಆದರೆ ಆ 52ರಲ್ಲಿ ಹೆಚ್ಚಿನವು ಬಂದದ್ದು ಒಂದೇ ಕ್ಯಾಮೆರಾದಿಂದ. ಒಂಬತ್ತು ವರ್ಷದ ಹುಡುಗನೊಬ್ಬ ಯಾರಿಗೂ ಹೇಳದೆ ಅದನ್ನು ಮೇಜಿನಿಂದ ಎತ್ತಿಕೊಂಡು ಛತ್ರವೆಲ್ಲ ಸುತ್ತಿದ್ದ. ಅವನು ತೆಗೆದ ಒಂದು ಫೋಟೊದಲ್ಲಿ ಚಿಕ್ಕಪ್ಪ ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಗೆ ಒರಗಿ ಕೂತಿದ್ದಾರೆ. ಕನ್ನಡಕ ಹಣೆಯ ಮೇಲಿದೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಉಗ್ರಾಣದ ಬೀಗದಕೈ. ಕಣ್ಣು ಅರ್ಧ ಮುಚ್ಚಿದೆ. ಹಿಂದೆ ತಾಂಬೂಲದ ಚೀಲಗಳ ರಾಶಿ. ಫೋಟೊ ಸ್ವಲ್ಪ ಓರೆಯಾಗಿದೆ, ಮೂಲೆಯಲ್ಲಿ ಹುಡುಗನ ಬೆರಳು ಕಾಣುತ್ತೆ. ಫೋಟೊಗ್ರಾಫರ್ ಕೊಟ್ಟ ಆಲ್ಬಮ್ಮಿನ ತುಂಬ ಚಿಕ್ಕಪ್ಪ ಇದ್ದಾರೆ, ಆದರೆ ಎಲ್ಲ ಕಡೆಯೂ ವೇದಿಕೆ ಮೇಲೆ ಬಿಗಿದುಕೊಂಡು ನಿಂತಿದ್ದಾರೆ. ಮದುವೆಯ ದಿನ ಅಪ್ಪ ಎಷ್ಟು ದಣಿದಿದ್ದರು ಅಂತ ತಂಗಿ ನೋಡಿದ್ದು ಈ ಒಂದು ಫೋಟೊದಲ್ಲಿ ಮಾತ್ರ.

ಹಾಗಾಗಿ ಯಾರಾದರೂ "ರಿಸೆಪ್ಷನ್‌ಗೆ ಈ ಕ್ಯಾಮೆರಾ ಇಡೋಣವಾ?" ಅಂತ ಕೇಳಿದರೆ ನಾನು ಬೇಡ ಅನ್ನುವುದಿಲ್ಲ. ತರಿಸಿ, ಆದರೆ ಮೇಜಿನ ಮೇಲೆ ಇಡಬೇಡಿ, ಜನರನ್ನು ಆರಿಸಿ ಅವರ ಕೈಗೆ ಕೊಡಿ ಅನ್ನುತ್ತೇನೆ. ಅದನ್ನು ಹೇಗೆ ಮಾಡುವುದು ಅಂತ ಮೊದಲಿನಿಂದ ಬರೆಯುತ್ತೇನೆ.

ನಿಮ್ಮ ರಿಸೆಪ್ಷನ್ ಎಂಥದ್ದು ಅಂತ ಮೊದಲು ನೋಡಿ

ಒಂದೇ ಸಲ ಬಳಸುವ ಈ ಕ್ಯಾಮೆರಾವನ್ನು ಜಪಾನಿನ ಫ್ಯೂಜಿಫಿಲ್ಮ್ 1986ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷ ಕೊಡಾಕ್ ಕೂಡ ತಂದಿತು. ಅಮೆರಿಕದ ಮದುವೆಗಳಲ್ಲಿ 1990ರ ದಶಕದ ಹೊತ್ತಿಗೆ ಮೇಜಿಗೊಂದು ಕ್ಯಾಮೆರಾ ಇಡುವುದು ರೂಢಿಯಾಯಿತು. ಅಲ್ಲಿ ಅದಕ್ಕೆ ಅರ್ಥವಿದೆ. ದುಂಡು ಮೇಜಿನ ಸುತ್ತ ಎಂಟು ಹತ್ತು ಜನ ಕೂರುತ್ತಾರೆ. ಯಾರು ಎಲ್ಲಿ ಅಂತ ಮೊದಲೇ ಚೀಟಿ ಇರುತ್ತೆ. ಭಾಷಣ, ಊಟ, ಡಾನ್ಸ್ ಅಂತ ಸಂಜೆಯೆಲ್ಲ ಆ ಮೇಜು ಅವರದ್ದೇ. ಕ್ಯಾಮೆರಾ ಕಣ್ಣೆದುರೇ ಇರುತ್ತೆ, ಪರಿಚಯದವರೇ ಸುತ್ತ ಇರುತ್ತಾರೆ.

ನಮ್ಮ ಛತ್ರದ ರಿಸೆಪ್ಷನ್ ಹಾಗಲ್ಲ, ಅಲ್ವಾ? ಬಂದವರು ಸಾಲಿನಲ್ಲಿ ನಿಂತು ವೇದಿಕೆ ಹತ್ತುತ್ತಾರೆ. ಕವರ್ ಕೊಟ್ಟು, ಫೋಟೊಗೆ ನಿಂತು, ಇಳಿದು ನೇರ ಊಟದ ಹಾಲಿಗೆ ಹೋಗುತ್ತಾರೆ. ಅಲ್ಲಿ ಪಂಕ್ತಿಗೆ ಅರ್ಧ ಗಂಟೆಯೂ ಇಲ್ಲ. ಉಣ್ಣುತ್ತಿರುವವರ ಕುರ್ಚಿ ಹಿಂದೆ ಮುಂದಿನ ಪಂಕ್ತಿಯವರು ಆಗಲೇ ನಿಂತಿರುತ್ತಾರೆ. ಬಲಗೈ ಅನ್ನದಲ್ಲಿರುತ್ತೆ. ಆ ಕೈಯಲ್ಲಿ ರೀಲು ಮುಂದೆ ಸರಿಸುವ ಚಕ್ರ ತಿರುಗಿಸಿ, ಫ್ಲ್ಯಾಶ್ ಒತ್ತಿ, ಫೋಟೊ ತೆಗೆಯಿರಿ ಅಂದರೆ ಹೇಗೆ ಸಾಧ್ಯ? ಊಟ ಮಾಡುತ್ತಿರುವಾಗ ಫೋಟೊ ತೆಗೆದರೆ ಎಷ್ಟೋ ಜನಕ್ಕೆ ಇಷ್ಟವಾಗುವುದಿಲ್ಲ. ಅವರ ಮನಸ್ಸನ್ನೂ ನೋಡಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕೂತು ಉಣ್ಣುವ, ಅರವತ್ತು ಎಂಬತ್ತು ಜನರ ಸಣ್ಣ ರಿಸೆಪ್ಷನ್ ಆದರೆ ಮೇಜಿನ ಮೇಲೆ ಇಡಬಹುದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹಾಲ್ ಹಿಡಿದು ಮದುವೆ ಮಾಡುವ ನಮ್ಮವರಿಗೂ ಇದು ಸರಿಹೋಗುತ್ತೆ. ಸಾವಿರ ಜನ ಬರುವ ಛತ್ರಕ್ಕೆ ಮೇಜಿನ ಉಪಾಯ ಬೇಡವೇ ಬೇಡ.

ಇನ್ನೊಂದು ಮಾತು. ರಿಸೆಪ್ಷನ್ನಿಗಿಂತ ಅದರ ಹಿಂದೆ ಮುಂದೆ ನಡೆಯುವ ಕಾರ್ಯಗಳಿಗೆ ಈ ಕ್ಯಾಮೆರಾ ಚೆನ್ನಾಗಿ ಒಗ್ಗುತ್ತೆ. ಚಪ್ಪರ, ಬಳೆ ಶಾಸ್ತ್ರ, ಅರಿಶಿನ, ಬೀಗರ ಊಟ, ಇವೆಲ್ಲ ಹಗಲು ಹೊತ್ತಿನವು. ಬೆಳಕು ಧಾರಾಳವಾಗಿರುತ್ತೆ, ಇರುವವರೆಲ್ಲ ಹತ್ತಿರದವರು. ನನ್ನ ಕೈಯಲ್ಲಿ ಎರಡೇ ಕ್ಯಾಮೆರಾ ಇದ್ದರೆ ಎರಡನ್ನೂ ಬೀಗರ ಊಟಕ್ಕೆ ಇಟ್ಟುಕೊಳ್ಳುತ್ತೇನೆ.

ಮೊದಲು ಲ್ಯಾಬ್, ಆಮೇಲೆ ಕ್ಯಾಮೆರಾ

ಜಾಸ್ತಿ ಜನ ತಪ್ಪುವುದು ಇಲ್ಲಿ. ಒಂದು ಕಾಲದಲ್ಲಿ ರಸ್ತೆಗೊಂದು ಸ್ಟುಡಿಯೊದಲ್ಲಿ ರೀಲ್ ತೊಳೆದು ಕೊಡುತ್ತಿದ್ದರು. ಈಗ ಬೋರ್ಡು ಹಾಗೇ ಇದ್ದರೂ ಒಳಗೆ ತೊಳೆಯುವ ಮೆಷಿನ್ ಇರುವುದಿಲ್ಲ. ಕ್ಯಾಮೆರಾ ಕೊಳ್ಳುವ ಮೊದಲೇ ಕಲರ್ ನೆಗೆಟಿವ್ ತೊಳೆಯುವ ಲ್ಯಾಬ್ ಹುಡುಕಿ, ಫೋನ್ ಮಾಡಿ ಮಾತಾಡಿ. "ಸಿ-41 ಮಾಡ್ತೀರಾ?" ಅಂತ ಕೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತೆ. ಕಲರ್ ರೀಲ್ ತೊಳೆಯುವ ವಿಧಾನದ ಹೆಸರು ಅದು. ಊರಲ್ಲಿ ಇಲ್ಲದಿದ್ದರೆ ಬೆಂಗಳೂರಿಗೆ ಕಳಿಸಬೇಕಾಗಬಹುದು.

ಕೇಳಬೇಕಾದ್ದು ಇನ್ನೂ ಇದೆ. ವಾರಕ್ಕೆ ಎಷ್ಟು ಸಲ ತೊಳೆಯುತ್ತೀರಿ? ಈ ಪ್ರಶ್ನೆ ಮುಖ್ಯ. ಡೆವಲಪರ್ ದ್ರಾವಣವನ್ನು ಸರಿಯಾಗಿ 37.8 ಡಿಗ್ರಿ ಬಿಸಿಯಲ್ಲಿ ಇಡಬೇಕು. ಕಲಸಿಟ್ಟ ಮೇಲೆ ಅದು ಬಹಳ ದಿನ ಬಾಳುವುದೂ ಇಲ್ಲ. ಹಾಗಾಗಿ ಗಿರಾಕಿ ಕಡಿಮೆ ಇರುವ ಕಡೆ ರೀಲುಗಳು ಸೇರುವ ತನಕ ಕಾದು ಒಟ್ಟಿಗೆ ತೊಳೆಯುತ್ತಾರೆ. ನಾಲ್ಕು ದಿನದಲ್ಲಿ ಬೇಕು ಅಂತ ಅವಸರ ಮಾಡಿದರೆ ಆಗುವ ಕೆಲಸವಲ್ಲ. ಸ್ಕ್ಯಾನ್ ಮಾಡಿ ಫೈಲ್ ಕೊಡುತ್ತೀರಾ, ದೊಡ್ಡ ಸೈಜಿನಲ್ಲಿ ಕೊಡುತ್ತೀರಾ ಅಂತಲೂ ಕೇಳಿ. ನೆಗೆಟಿವ್ ವಾಪಸ್ ಬೇಕು ಅಂತ ಕಡ್ಡಾಯವಾಗಿ ಹೇಳಿ. ಫೈಲ್ ಕಳೆದುಹೋದರೂ ನೆಗೆಟಿವ್ ಇದ್ದರೆ ಮುಂದೆ ಮತ್ತೆ ಪ್ರಿಂಟ್ ಹಾಕಿಸಬಹುದು.

ಎಷ್ಟು ಕೊಳ್ಳಬೇಕು

ಸಾಮಾನ್ಯವಾಗಿ ಸಿಗುವವು ಎರಡು. ಕೊಡಾಕ್ ಫನ್‌ಸೇವರ್‌ನಲ್ಲಿ 800 ಐಎಸ್‌ಒ ರೀಲ್ ಇರುತ್ತೆ. ಫ್ಯೂಜಿ ಕ್ವಿಕ್‌ಸ್ನ್ಯಾಪ್‌ನಲ್ಲಿ 400. ಐಎಸ್‌ಒ ಜಾಸ್ತಿ ಇದ್ದಷ್ಟೂ ಕಡಿಮೆ ಬೆಳಕಿಗೆ ಒಳ್ಳೆಯದು. ಫ್ಲ್ಯಾಶ್ ಇರುವ ಮಾದರಿಯನ್ನೇ ಕೊಳ್ಳಿ. ನೀರೊಳಗೆ ಬಳಸುವ ಮಾದರಿಯೂ ಬರುತ್ತೆ, ಅದರಲ್ಲಿ ಫ್ಲ್ಯಾಶ್ ಇರುವುದಿಲ್ಲ. ಛತ್ರದೊಳಗೆ ಅದು ಕೆಲಸಕ್ಕೆ ಬಾರದು. ಡಬ್ಬಿಯ ಮೇಲಿನ ಕೊನೆ ದಿನಾಂಕ ನೋಡಲು ಮರೆಯಬೇಡಿ.

ಖರ್ಚಿನ ಲೆಕ್ಕವನ್ನು ಕ್ಯಾಮೆರಾಗೆ ಮಾತ್ರ ಹಾಕಬೇಡಿ, ತೊಳೆಸುವುದನ್ನೂ ಸೇರಿಸಿ. ಕ್ಯಾಮೆರಾಗೆ 1800, ತೊಳೆಸಿ ಸ್ಕ್ಯಾನ್ ಮಾಡಿಸಲು 600 ಅಂತ ಇಟ್ಟುಕೊಳ್ಳಿ. ಒಂದಕ್ಕೆ 2400 ಆಯ್ತು. ಆರಕ್ಕೆ 14,400. ಒಂದೊಂದು ಕ್ಲಿಕ್ಕಿಗೂ ಸುಮಾರು 89 ರೂಪಾಯಿ. ನಿಮ್ಮ ಊರಿನ ಬೆಲೆ ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಮೇಜಿಗೊಂದರಂತೆ ಇಪ್ಪತ್ತು ಮೂವತ್ತು ಕೊಳ್ಳುವ ಯೋಚನೆ ತಾನಾಗಿಯೇ ಹೋಗುತ್ತೆ. ಎಷ್ಟು ದೊಡ್ಡ ಮದುವೆಯಾದರೂ ನಾಲ್ಕರಿಂದ ಆರು ಸಾಕು ಅನ್ನುವುದು ನನ್ನ ಅನುಭವ. ಸಾಲ ಮಾಡಿ ಮದುವೆ ಮಾಡುತ್ತಿದ್ದರೆ ಇದನ್ನು ಬಿಟ್ಟುಬಿಡಿ. ಮನೆಯವರ ಫೋನುಗಳಲ್ಲೇ ಬೇಕಾದಷ್ಟು ಫೋಟೊ ಇರುತ್ತವೆ. ಒಂದು ಕ್ಯೂಆರ್ ಕೋಡ್ ಅಂಟಿಸಿ, ಎಲ್ಲರೂ ಒಂದೇ ಆಲ್ಬಮ್ಮಿಗೆ ಹಾಕುವ ಹಾಗೆ ಮಾಡಿದರೆ ಸಾಕು.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಒಂದು ಎಚ್ಚರಿಕೆ. ಚೆಕ್-ಇನ್ ಲಗೇಜಿಗೆ ಹಾಕಬಾರದು. ಅಲ್ಲಿನ ಎಕ್ಸ್-ರೇ ಜೋರಾಗಿರುತ್ತೆ, ತೊಳೆಯದ ರೀಲು ಮಸುಕಾಗುತ್ತೆ. ಕೈಚೀಲದಲ್ಲೇ ಇಟ್ಟುಕೊಂಡು, ಸೆಕ್ಯುರಿಟಿಯಲ್ಲಿ "ಫಿಲ್ಮ್ ಇದೆ, ಕೈಯಲ್ಲೇ ನೋಡಿ" ಅಂತ ವಿನಂತಿ ಮಾಡಬೇಕು. ಕೆಲವು ವಿಮಾನ ನಿಲ್ದಾಣಗಳಲ್ಲಿ ಕೈಚೀಲಕ್ಕೂ ಸಿಟಿ ಸ್ಕ್ಯಾನರ್ ಬಂದಿದೆ. 800 ಐಎಸ್‌ಒ ರೀಲಿಗೆ ಅದು ಒಂದು ಸಲ ತಾಕಿದರೂ ಹಾನಿಯಾಗಬಹುದು. ಇಲ್ಲೇ ಕೊಂಡರೆ ಈ ತಲೆನೋವೇ ಇಲ್ಲ. ತಂದ ಮೇಲೆ ತಂಪಾದ ಜಾಗದಲ್ಲಿಡಿ. ಏಪ್ರಿಲ್ ಮೇ ತಿಂಗಳ ಮದುವೆಯಾದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಒಂದು ಮಾರು ದೂರ

ಮದುವೆಗೆ ಮೊದಲೇ ಒಂದು ಕ್ಯಾಮೆರಾ ತೆಗೆದು ಮನೆಯಲ್ಲಿ ನಾಲ್ಕೈದು ಫೋಟೊ ತೆಗೆದು ಅಭ್ಯಾಸ ಮಾಡಿ. ಉಳಿದದ್ದನ್ನು ಚಪ್ಪರದ ದಿನ ಮುಗಿಸಬಹುದು.

ಈ ಕ್ಯಾಮೆರಾದ ಲೆನ್ಸ್ ಬಹಳ ಸಣ್ಣ ಕಿಂಡಿಯದ್ದು. ಫೋನಿನ ಹಾಗೆ ತಾನೇ ಬೆಳಕು ನೋಡಿ ಹೊಂದಿಸಿಕೊಳ್ಳುವುದಿಲ್ಲ. ಕಣ್ಣಿಗೆ ಛತ್ರ ಝಗಮಗ ಅನ್ನಿಸುತ್ತೆ, ರೀಲಿಗೆ ಅದು ಕತ್ತಲೆ. ಹಾಗಾಗಿ ಸೂರಿನ ಕೆಳಗೆ ತೆಗೆಯುವ ಪ್ರತಿ ಫೋಟೊಗೂ ಫ್ಲ್ಯಾಶ್ ಬೇಕು. ಆ ಫ್ಲ್ಯಾಶ್ ತಲುಪುವುದು ಸುಮಾರು ಮೂರು ಮೀಟರ್ ತನಕ, ಅಷ್ಟೇ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ವೇದಿಕೆಯ ಫೋಟೊ ತೆಗೆದರೆ ಮುಂದಿನವರ ತಲೆಗಳು ಬೆಳ್ಳಗೆ ಬರುತ್ತವೆ, ಗಂಡು ಹೆಣ್ಣು ಕತ್ತಲಲ್ಲಿ ಹೋಗುತ್ತಾರೆ. ನಮ್ಮ ಮೈಸೂರಿನ ರೀಲುಗಳು ಹಾಳಾದದ್ದು ಜಾಸ್ತಿ ಹೀಗೇ. ಒಂದು ಮೀಟರಿಗಿಂತ ಹತ್ತಿರ ಹೋದರೂ ಮುಖ ಮಸುಕಾಗುತ್ತೆ.

ಇದನ್ನು ಮೀಟರಿನಲ್ಲಿ ಹೇಳಿದರೆ ಮದುವೆ ಮನೆಯ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. "ಒಂದು ಮಾರು ದೂರ ನಿಲ್ಲಿ" ಅನ್ನಿ. ಎರಡೂ ಕೈ ಅಗಲಿಸಿದಷ್ಟು ದೂರ. ನಮ್ಮ ಅಜ್ಜಿಯರು ಹೂವು ಅಳೆಯುತ್ತಿದ್ದರಲ್ಲ, ಮೊಳ ಮಾರು ಅಂತ, ಅದೇ ಮಾರು. ಇಬ್ಬರು ಮೂವರ ಫೋಟೊಗೆ ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಹಾಗಾಗಿ ಹತ್ತಿರದ ಫೋಟೊದಲ್ಲಿ ತಲೆಯ ಮೇಲೆ ಸ್ವಲ್ಪ ಜಾಗ ಬಿಡಬೇಕು, ಇಲ್ಲದಿದ್ದರೆ ಪೇಟ ಕತ್ತರಿಸಿ ಹೋಗುತ್ತೆ. ಫ್ಲ್ಯಾಶ್ ಆನ್ ಮಾಡುವ ರೀತಿ ಎಲ್ಲ ಮಾದರಿಯಲ್ಲೂ ಒಂದೇ ಅಲ್ಲ. ಕೆಲವದರಲ್ಲಿ ಮುಂದಿನ ಗುಂಡಿ ಒತ್ತಿ ಹಿಡಿಯಬೇಕು, ಕೆಲವದರಲ್ಲಿ ಮೇಲಕ್ಕೆ ತಳ್ಳಬೇಕು. ಎರಡರಲ್ಲೂ ಸಣ್ಣ ದೀಪ ಹೊತ್ತಿಕೊಳ್ಳುವ ತನಕ ಕಾಯಲೇಬೇಕು.

ಇಷ್ಟನ್ನು ಕನ್ನಡದಲ್ಲಿ ಒಂದು ಸ್ಟಿಕ್ಕರಿನ ಮೇಲೆ ಬರೆದು ಕ್ಯಾಮೆರಾ ಹಿಂಬದಿಗೆ ಅಂಟಿಸಿ. ನಾವು ಎರಡನೇ ಸಲ ಹೀಗೆ ಬರೆದಿದ್ದೆವು:

"3ನೇ ಕ್ಯಾಮೆರಾ. ಚಕ್ರ ಪೂರ್ತಿ ತಿರುಗಿಸಿ. ಫ್ಲ್ಯಾಶ್ ಹಾಕಿ, ದೀಪ ಬರಲಿ. ಒಂದು ಮಾರು ದೂರ. ಬೆರಳು ಅಡ್ಡ ಬೇಡ. ಮುಗಿದ ಮೇಲೆ ತಾಂಬೂಲ ಕೊಡುವಲ್ಲಿ ವಾಪಸ್ ಕೊಡಿ."

ನಂಬರ್ ಹಾಕುವುದನ್ನು ಮರೆಯಬೇಡಿ. ಯಾವುದು ಯಾರ ಕೈಯಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಯಾರ ಕೈಗೆ

ಇಡೀ ಕೆಲಸದಲ್ಲಿ ಯೋಚನೆ ಮಾಡಬೇಕಾದ್ದು ಇದೊಂದೇ. ಫೋಟೊಗ್ರಾಫರ್ ವೇದಿಕೆ ಬಿಟ್ಟು ಅಲ್ಲಾಡುವಂತಿಲ್ಲ. ವಿಡಿಯೊದವರೂ ಅಷ್ಟೇ. ಅವರು ಕಾಲಿಡದ ಜಾಗಕ್ಕೆ ಯಾರು ಹೋಗುತ್ತಾರೆ ಅಂತ ನೋಡಿ, ಅವರಿಗೆ ಕೊಡಿ.

ಎಂಟರಿಂದ ಹನ್ನೆರಡು ವರ್ಷದ ಒಂದು ಮಗು ಇರಲೇಬೇಕು. ಮಕ್ಕಳ ಎತ್ತರದಿಂದ ಕಾಣುವ ಮದುವೆಯೇ ಬೇರೆ. ದೊಡ್ಡವರೂ ಮಗುವಿನ ಮುಂದೆ ಮುಖ ಬಿಗಿಮಾಡಿಕೊಳ್ಳುವುದಿಲ್ಲ. ಮದುಮಗಳ ಕೋಣೆಯಲ್ಲಿ ಜೊತೆಗಿರುವ ಗೆಳತಿಗೆ ಒಂದು. ಆದರೆ ಸೀರೆ ಉಡಿಸುವಾಗ ತೆಗೆಯಬಾರದು ಅಂತ ಮೊದಲೇ ಹೇಳಿ. ಈ ರೀಲನ್ನು ತೊಳೆಯುವವರು ಹೊರಗಿನವರು, ತಪ್ಪಾಗಿ ಬಂದದ್ದನ್ನು ಅಲ್ಲೇ ಅಳಿಸಲಿಕ್ಕೂ ಬರುವುದಿಲ್ಲ. ಉಗ್ರಾಣ ನೋಡಿಕೊಳ್ಳುವವರಿಗೆ ಒಂದು. ಅಡುಗೆ ಭಟ್ಟರು, ಬಡಿಸುವವರು, ಹಿಂದಿನ ಬಾಗಿಲಲ್ಲಿ ತೆಂಗಿನಕಾಯಿ ಸುಲಿಯುವವರು, ಇವರೆಲ್ಲ ಆ ಕಡೆಯೇ ಇರುವುದು. ಅವರ ಫೋಟೊ ತೆಗೆಯುವಾಗ ಒಂದು ಮಾತು ಕೇಳಿ ತೆಗೆಯಲಿ. ಮತ್ತೊಂದನ್ನು ಬೀಗರ ಕಡೆಯವರಿಗೆ ತಪ್ಪದೆ ಕೊಡಿ. ಅವರ ಮನೆಯವರ ನಗು ಅವರವರೇ ತೆಗೆದರೆ ಮಾತ್ರ ಸಿಗುತ್ತೆ.

ಕೊಡುವಾಗ ಸುಮ್ನೆ ಕೈಗಿಟ್ಟು ಹೋಗಬೇಡಿ. ಎದುರು ನಿಂತು ಒಂದು ಫೋಟೊ ತೆಗೆಸಿ. ಚಕ್ರದ ಕಿರ್ ಕಿರ್ ಸದ್ದು ಕೇಳಿ, ದೀಪ ಹೊತ್ತಿದ್ದು ನೋಡಿದರೆ ಆಮೇಲೆ ಮರೆಯುವುದಿಲ್ಲ. ರೀಲಿನ ಮೊದಲ ಫೋಟೊ ಮಾತ್ರ ಕ್ಯಾಮೆರಾ ಪಡೆಯುವವರದೇ ಇರಲಿ, ಅವರ ಕಡೆಗೆ ನೀವು ಹಿಡಿದು ಕ್ಲಿಕ್ ಮಾಡಿ. ತೊಳೆದು ಬಂದ ಮೇಲೆ ಯಾವ ರೀಲ್ ಯಾರದ್ದು ಅಂತ ಚೀಟಿ ಇಲ್ಲದೆಯೂ ತಿಳಿಯುತ್ತೆ.

ಮೈಸೂರಿನ ಮದುವೆಯ ಮರುವರ್ಷ ಹಾಸನದಲ್ಲಿ ಸೋದರಮಾವನ ಮಗನ ಮದುವೆಗೆ ನಾವು ಹೀಗೇ ಮಾಡಿದೆವು. ನಾಲ್ಕು ಕ್ಯಾಮೆರಾ, ನಾಲ್ಕು ಜನ. ಎರಡು ರಿಸೆಪ್ಷನ್‌ಗೆ, ಎರಡು ಬೀಗರ ಊಟಕ್ಕೆ. 108ರಲ್ಲಿ 81 ಚೆನ್ನಾಗಿ ಬಂದವು. ಶಾಮಿಯಾನದ ಕೆಳಗೆ ಅತ್ತೆ ಒಬ್ಬರು ಮುದ್ದೆ ಬಡಿಸುತ್ತಾ ಬೀಗರನ್ನು ಗದರಿಸುತ್ತಿರುವ ಫೋಟೊ ಅದರಲ್ಲೇ ಇದೆ. ಮುದ್ದೆಯ ಹಬೆ ಕೂಡ ಕಾಣುತ್ತೆ.

ವಾಪಸ್ ತರಿಸುವುದು, ತೊಳೆಸುವುದು

ಛತ್ರದಲ್ಲಿ ಬಂದವರೆಲ್ಲ ಹಾದು ಹೋಗಲೇಬೇಕಾದ ಒಂದು ಜಾಗ ಇದೆ. ಊಟದ ಹಾಲಿನಿಂದ ಹೊರಗೆ ಬರುವಾಗ ತಾಂಬೂಲದ ಚೀಲ ಕೊಡುವ ಮೇಜು. ಕ್ಯಾಮೆರಾ ವಾಪಸ್ ಪಡೆಯುವ ಡಬ್ಬಿ ಅಲ್ಲೇ ಇರಲಿ. ಅಲ್ಲಿ ನಿಲ್ಲುವ ಹುಡುಗಿಗೆ ಆ ನಂಬರಿನ ಚೀಟಿ ಕೊಟ್ಟಿರಿ. ರಾತ್ರಿ ಛತ್ರ ಖಾಲಿ ಮಾಡುವ ಮೊದಲು ಎಣಿಸಿ.

ರೀಲ್ ಉಳಿದಿದ್ದರೆ ಪೋಲು ಮಾಡಬೇಡಿ. ಮೇಲಿನ ಸಣ್ಣ ಕಿಂಡಿಯಲ್ಲಿ ಇನ್ನೆಷ್ಟು ಇದೆ ಅಂತ ಕಾಣುತ್ತೆ, ಇದರಲ್ಲಿ ಎಣಿಕೆ 27ರಿಂದ ಇಳಿಯುತ್ತಾ ಬರುತ್ತೆ. ಉಳಿದದ್ದನ್ನು ಮರುದಿನ ಮನೆಯಲ್ಲಿ, ಚಪ್ಪರ ಬಿಚ್ಚುವಾಗ, ಮಗಳನ್ನು ಕಳಿಸಿಕೊಡುವಾಗ ಮುಗಿಸಿ.

ಡಬ್ಬಿ ಬಿರಿದರೂ ಗಾಬರಿಯಾಗಬೇಡಿ. ಈ ಕ್ಯಾಮೆರಾಗಳಲ್ಲಿ ರೀಲು ಮೊದಲೇ ಹೊರಗೆ ಸುತ್ತಿರುತ್ತೆ, ತೆಗೆದ ಫೋಟೊ ಒಂದೊಂದಾಗಿ ಬೆಳಕು ತಾಗದ ಉರುಳೆಯೊಳಗೆ ಹೋಗುತ್ತೆ. ಹಾಗಾಗಿ ತೆಗೆದಾಗಿರುವ ಫೋಟೊಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಆದರೆ ಯಾವ ಕಾರಣಕ್ಕೂ ನೀವೇ ಬಿಚ್ಚಲು ಹೋಗಬೇಡಿ, ಮಕ್ಕಳ ಕೈಗೂ ಬಿರಿದದ್ದನ್ನು ಕೊಡಬೇಡಿ. ಒಳಗಿರುವುದು ಸಣ್ಣ ಸೆಲ್ಲೇ ಆದರೂ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ನಿಂತಿರುತ್ತೆ. ಮುಟ್ಟಿದರೆ ಜೋರಾಗಿ ಶಾಕ್ ಹೊಡೆಯುತ್ತೆ. ಬಿರಿದದ್ದಕ್ಕೆ ಕಪ್ಪು ಬಟ್ಟೆ ಸುತ್ತಿ ಹಾಗೇ ಲ್ಯಾಬಿಗೆ ತಲುಪಿಸಿ.

ತಿಂಗಳುಗಟ್ಟಲೆ ಬೀರುವಿನಲ್ಲಿ ಇಡಬೇಡಿ. ಮದುವೆ ಮುಗಿದ ವಾರದಲ್ಲೇ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಡಿ. ನಂಬರಿನ ಪ್ರಕಾರ ಬೇರೆ ಬೇರೆ ಫೋಲ್ಡರಿನಲ್ಲಿ ಸ್ಕ್ಯಾನ್ ಕೊಡಲು ಹೇಳಿ.

ಫೈಲ್ ಬಂದ ತಕ್ಷಣ ಎಲ್ಲವನ್ನೂ ಮನೆಯ ವಾಟ್ಸಾಪ್ ಗುಂಪಿಗೆ ಸುರಿಯಬೇಡಿ. ಮೊದಲು ಮದುಮಕ್ಕಳು ಇಬ್ಬರೇ ಕೂತು ನೋಡಲಿ. ಯಾವುದು ಹೊರಗೆ ಹೋಗಬೇಕು, ಯಾವುದು ಬೇಡ ಅಂತ ಅವರೇ ಆರಿಸಲಿ. ಆಮೇಲೆ ಕ್ಯಾಮೆರಾ ಹಿಡಿದ ಪ್ರತಿಯೊಬ್ಬರಿಗೂ ಅವರೇ ತೆಗೆದ ಒಂದು ಫೋಟೊ ಪ್ರಿಂಟ್ ಹಾಕಿಸಿ ಕೊಡಿ. ಹಿಂಭಾಗದಲ್ಲಿ ಊರು, ದಿನ, ತೆಗೆದವರ ಹೆಸರು ಬರೆಯಿರಿ. ಬಾಲ್ ಪೆನ್ ಒತ್ತಿದರೆ ಮುಂದೆ ಗುರುತು ಮೂಡುತ್ತೆ, ಸಿ.ಡಿ. ಮೇಲೆ ಬರೆಯುವ ಮಾರ್ಕರ್ ಬಳಸಿ. ನೆಗೆಟಿವ್‌ಗಳನ್ನು ಒಂದು ಲಗ್ನಪತ್ರಿಕೆಯ ಜೊತೆ ಕವರಿಗೆ ಹಾಕಿ, ಮನೆಯ ಕಾಗದಪತ್ರ ಇಡುವ ಕಡೆ ಇಡಿ. ನಮ್ಮ ಚಿಕ್ಕಪ್ಪನ ಫೋಟೊದ ನೆಗೆಟಿವ್ ತಂಗಿಯ ಬೀರುವಿನಲ್ಲಿ, ಮದುವೆ ಸೀರೆಯ ಪಕ್ಕದಲ್ಲಿದೆ.